ತಂತ್ರಾಂಶ ಕೋಡ್ ಪರಿಶೀಲನೆಯಲ್ಲಿ ಕೃತಕ ಬುದ್ಧಿಮತ್ತೆ

ತಂತ್ರಾಂಶ ಕೋಡ್ ಪರಿಶೀಲನೆಯಲ್ಲಿ ಕೃತಕ ಬುದ್ಧಿಮತ್ತೆ ಎಂದರೆ ಗಣಕಯಂತ್ರಕ್ಕಾಗಿ ಬರೆದ ಕೋಡ್‌ನಲ್ಲಿರುವ ದೋಷ, ಭದ್ರತಾ ಲೋಪ ಹಾಗೂ ಅಸ್ಪಷ್ಟತೆಗಳನ್ನು ಗುರುತಿಸಲು ಬೃಹತ್ ಭಾಷಾ ಮಾದರಿಗಳನ್ನು ಆಧರಿಸಿದ ಸಹಾಯಕ ತಂತ್ರಾಂಶಗಳನ್ನು ಬಳಸುವ ಪದ್ಧತಿ. ಒಬ್ಬರು ಬರೆದ ಕೋಡನ್ನು ಬಳಕೆಗೆ ಬಿಡುವ ಮೊದಲು ಮತ್ತೊಬ್ಬರು ಓದಿ ಒಪ್ಪಿಗೆ ನೀಡುವುದು ತಂತ್ರಾಂಶ ಉದ್ಯಮದ ಹಳೆಯ ಶಿಸ್ತು. 2022ರ ನಂತರ ಈ ಓದಿನ ಒಂದು ಭಾಗವನ್ನು ಯಂತ್ರಕ್ಕೆ ವಹಿಸುವ ರೂಢಿ ವೇಗವಾಗಿ ಹರಡಿದೆ.

ಭಾರತದ ತಂತ್ರಾಂಶ ಉದ್ಯಮದ ಪ್ರಮುಖ ಕೇಂದ್ರವಾದ ಬೆಂಗಳೂರಿಗೆ ಇದು ಉದ್ಯೋಗ ಮತ್ತು ವ್ಯವಹಾರದ ವಿಷಯ. ಆದರೆ ಅದರ ಪರಿಣಾಮ ನಗರದ ಕಚೇರಿಗಳಿಗಷ್ಟೇ ಸೀಮಿತವಲ್ಲ. ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆಯಂತಹ ಹೋಬಳಿ ಕೇಂದ್ರದಲ್ಲಿ ರೈತರು ಪಡೆಯುವ ಪಹಣಿ, ವಿದ್ಯಾರ್ಥಿಗಳು ಪಡೆಯುವ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಇಂದು ತಂತ್ರಾಂಶದ ಮೂಲಕವೇ ಸಿದ್ಧವಾಗುತ್ತವೆ. ಆ ತಂತ್ರಾಂಶವನ್ನು ಯಾರು ಓದಿ ಸರಿಯೆಂದು ಒಪ್ಪಿದರು ಎಂಬ ಪ್ರಶ್ನೆಯಿಂದಾಗಿ ಕೋಡ್ ಪರಿಶೀಲನೆಯು ಸಾರ್ವಜನಿಕ ಹಿತಕ್ಕೂ ಸಂಬಂಧಿಸಿದ ವಿಷಯವಾಗಿದೆ.

ಕೋಡ್ ಪರಿಶೀಲನೆಯ ಸ್ವರೂಪ

ಕೋಡ್ ಎಂದರೆ ಯಂತ್ರವು ಹಂತ ಹಂತವಾಗಿ ಪಾಲಿಸಬೇಕಾದ ಆದೇಶಗಳ ಬರಹ. ಈ ಬರಹಕ್ಕೆ ಇಬ್ಬರು ಓದುಗರಿರುತ್ತಾರೆ. ಮೊದಲನೆಯದು ಯಂತ್ರ, ಅದು ಬರೆದುದನ್ನು ಅಕ್ಷರಶಃ ನಡೆಸುತ್ತದೆ. ಎರಡನೆಯವರು ಮುಂದೆ ಅದೇ ಕೋಡನ್ನು ತಿದ್ದಬೇಕಾದ ಇತರ ತಂತ್ರಜ್ಞರು. ಆದ್ದರಿಂದ ಕೋಡಿನ ಗುಣಮಟ್ಟವನ್ನು ಸಾಮಾನ್ಯವಾಗಿ ನಾಲ್ಕು ದೃಷ್ಟಿಗಳಿಂದ ಅಳೆಯಲಾಗುತ್ತದೆ: ಕೇಳಿದ ಕೆಲಸವನ್ನು ಸರಿಯಾಗಿ ಮಾಡುತ್ತದೆಯೇ, ದುರುದ್ದೇಶದ ಬಳಕೆಯನ್ನು ತಡೆಯುತ್ತದೆಯೇ, ಹೆಚ್ಚಿನ ಹೊರೆಯನ್ನು ತಾಳುತ್ತದೆಯೇ, ಮತ್ತೊಬ್ಬರು ಓದಿ ಅರ್ಥಮಾಡಿಕೊಂಡು ತಿದ್ದುವಂತಿದೆಯೇ.

ಪರಿಶೀಲಕರ ಕೆಲಸ ಕೇವಲ ತಪ್ಪು ಹುಡುಕುವುದಲ್ಲ. ಬದಲಾವಣೆ ಏಕೆ ಬೇಕಾಯಿತು, ಅದರಿಂದ ತಂತ್ರಾಂಶದ ಬೇರೆ ಯಾವ ಭಾಗಕ್ಕೆ ತೊಂದರೆಯಾಗಬಹುದು, ಇದಕ್ಕಿಂತ ಸರಳವಾದ ದಾರಿ ಇದೆಯೇ ಎಂಬುದನ್ನೂ ಅವರು ವಿಚಾರಿಸುತ್ತಾರೆ. ಕೊನೆಯಲ್ಲಿ ಒಪ್ಪಿಗೆ ನೀಡುವ ಅಥವಾ ಹಿಂದಿರುಗಿಸುವ ಅಧಿಕಾರವೂ ಅವರದೇ. ಹೀಗೆ ಕೋಡ್ ಪರಿಶೀಲನೆಯಲ್ಲಿ ಎರಡು ಬೇರೆ ಬೇರೆ ಕಾರ್ಯಗಳು ಸೇರಿಕೊಂಡಿವೆ: ಒಂದು ಓದುವುದು, ಇನ್ನೊಂದು ಹೊಣೆ ಹೊರುವುದು. ಕೃತಕ ಬುದ್ಧಿಮತ್ತೆಯ ಬಳಕೆಯ ಕುರಿತ ಚರ್ಚೆಗಳಲ್ಲಿ ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಅನೇಕ ಗೊಂದಲಗಳು ಉಂಟಾಗಿವೆ.

ಐತಿಹಾಸಿಕ ಹಿನ್ನೆಲೆ

ಕೋಡ್ ಪರಿಶೀಲನೆಗೆ ವ್ಯವಸ್ಥಿತ ರೂಪ ನೀಡಿದವರು ಐಬಿಎಂ ಸಂಸ್ಥೆಯ ಮೈಕೆಲ್ ಫೇಗನ್. 1976ರಲ್ಲಿ ಪ್ರಕಟವಾದ ಅವರ ಪ್ರಬಂಧವು ಸಭೆ ಸೇರಿ ಕೋಡನ್ನು ಸಾಲುಸಾಲಾಗಿ ಓದುವ ಕ್ರಮವನ್ನು ವಿವರಿಸಿತು. ಸಭೆಯನ್ನು ನಡೆಸುವವರು, ಕೋಡ್ ಬರೆದವರು, ಅದನ್ನು ಓದಿ ವಿವರಿಸುವವರು, ಪರೀಕ್ಷಿಸುವವರು ಎಂದು ಪ್ರತಿಯೊಬ್ಬರಿಗೂ ನಿಶ್ಚಿತ ಪಾತ್ರವಿತ್ತು.

ಯಂತ್ರದಿಂದಲೇ ಕೋಡ್ ಓದಿಸುವ ಪ್ರಯತ್ನವೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. 1978ರಲ್ಲಿ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ ‘ಲಿಂಟ್’ ಎಂಬ ತಂತ್ರಾಂಶವನ್ನು ರೂಪಿಸಿದರು. ಬಟ್ಟೆಗೆ ಅಂಟಿಕೊಳ್ಳುವ ಸಣ್ಣ ನೂಲಿನ ಎಳೆಗಳಿಗೆ ಇಂಗ್ಲಿಷಿನಲ್ಲಿರುವ ಹೆಸರೇ ಅದಕ್ಕೆ ಬಂತು. ‘ಸಿ’ ಭಾಷೆಯ ಕೋಡಿನಲ್ಲಿ ಸಂಶಯಾಸ್ಪದವಾದ ಬಳಕೆಗಳನ್ನು ಅದು ಎತ್ತಿ ತೋರಿಸುತ್ತಿತ್ತು. ಕೋಡನ್ನು ನಡೆಸದೆ, ಬರಹವನ್ನು ಮಾತ್ರ ನೋಡಿ ದೋಷ ಹುಡುಕುವ ಇಂತಹ ವಿಧಾನಕ್ಕೆ ಸ್ಥಿರ ವಿಶ್ಲೇಷಣೆ ಎಂಬ ಹೆಸರಿದೆ.

ಬೆಂಗಳೂರಿನಲ್ಲಿ ಈ ಶಿಸ್ತು ಬೇರೂರಿದ್ದು ಉದ್ಯಮದ ಬೆಳವಣಿಗೆಯೊಡನೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ತನ್ನ ಕೇಂದ್ರವನ್ನು ತೆರೆಯಿತು. 1990ರ ದಶಕದಲ್ಲಿ ವಿದೇಶಿ ಗ್ರಾಹಕರ ವಿಶ್ವಾಸ ಗಳಿಸಲು ಭಾರತೀಯ ಸಂಸ್ಥೆಗಳು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಐದು ಹಂತಗಳ ಸಾಮರ್ಥ್ಯ ಮಾದರಿಯನ್ನು ಅನುಸರಿಸತೊಡಗಿದವು. ಆ ಮಾದರಿಯ ಮೂರನೆಯ ಹಂತ ತಲುಪಲು ಸಹೋದ್ಯೋಗಿಗಳಿಂದ ಪರಿಶೀಲನೆ ಕಡ್ಡಾಯವಾಗಿತ್ತು. ಬೆಂಗಳೂರಿನ ಮೊಟೊರೊಲಾ ಘಟಕವು ಆ ದಶಕದ ಆರಂಭದಲ್ಲೇ ಐದನೆಯ ಹಂತವನ್ನು ತಲುಪಿ ಜಗತ್ತಿನ ಗಮನ ಸೆಳೆಯಿತು. ನಗರದ ತಂತ್ರಾಂಶ ಖ್ಯಾತಿಯ ಹಿಂದೆ ಕಡಿಮೆ ವೆಚ್ಚ ಮಾತ್ರವಲ್ಲ, ಪರಸ್ಪರರ ಕೋಡನ್ನು ಓದುವ ಈ ಅಭ್ಯಾಸವೂ ಇತ್ತು.

2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ‘ಗಿಟ್’ ವ್ಯವಸ್ಥೆಯನ್ನು ರೂಪಿಸಿದರು. 2008ರಲ್ಲಿ ‘ಗಿಟ್‌ಹಬ್’ ಜಾಲತಾಣ ಆರಂಭವಾಯಿತು. ಅಂದಿನಿಂದ ಸಭೆ ಸೇರುವ ಬದಲು, ಪ್ರತಿಯೊಂದು ಬದಲಾವಣೆಯನ್ನೂ ‘ಪುಲ್ ರಿಕ್ವೆಸ್ಟ್’ ಎಂಬ ಕೋರಿಕೆಯ ರೂಪದಲ್ಲಿ ಸಲ್ಲಿಸಿ, ಅದರ ಕೆಳಗೆ ಟಿಪ್ಪಣಿ ಬರೆಯುವ ಕ್ರಮ ರೂಢಿಗೆ ಬಂತು. ಇಂದಿನ ಯಾಂತ್ರಿಕ ಪರಿಶೀಲಕಗಳು ತಮ್ಮ ಅಭಿಪ್ರಾಯವನ್ನು ಬರೆಯುವುದೂ ಇದೇ ಜಾಗದಲ್ಲಿ.

ಭಾಷಾ ಮಾದರಿಗಳ ಪ್ರವೇಶ

ಲಿಂಟ್ ಬಗೆಯ ಸಾಧನಗಳು ಮೊದಲೇ ಬರೆದಿಟ್ಟ ನಿಯಮಗಳನ್ನು ಅನುಸರಿಸುತ್ತವೆ. ನಿಯಮದಲ್ಲಿ ಇಲ್ಲದ ದೋಷ ಅವುಗಳಿಗೆ ಕಾಣುವುದಿಲ್ಲ. ಭಾಷಾ ಮಾದರಿಗಳ ವಿಧಾನ ಬೇರೆ. ಅಪಾರ ಪ್ರಮಾಣದ ಕೋಡ್ ಮತ್ತು ಬರಹಗಳಿಂದ ಕಲಿತ ಮಾದರಿಯು ಹೊಸ ಕೋಡನ್ನು ಓದಿ, ಅದರಲ್ಲಿ ಅಸಹಜವೆನಿಸುವುದನ್ನು ಸಾಮಾನ್ಯ ಭಾಷೆಯಲ್ಲಿಯೇ ವಿವರಿಸುತ್ತದೆ, ತಿದ್ದುಪಡಿಯನ್ನೂ ಸೂಚಿಸುತ್ತದೆ.

ಗಿಟ್‌ಹಬ್ ಮತ್ತು ಓಪನ್‌ಎಐ ಸೇರಿ ರೂಪಿಸಿದ ‘ಕೋಪೈಲಟ್’ 2021ರ ಜೂನ್‌ನಲ್ಲಿ ಪ್ರಾಯೋಗಿಕವಾಗಿಯೂ 2022ರ ಜೂನ್‌ನಲ್ಲಿ ಎಲ್ಲರ ಬಳಕೆಗೂ ದೊರೆಯಿತು. 2022ರ ನವೆಂಬರ್ 30ರಂದು ‘ಚಾಟ್‌ಜಿಪಿಟಿ’ ಬಿಡುಗಡೆಯಾದ ಮೇಲೆ ಇಂತಹ ಸಹಾಯಕಗಳ ಬಳಕೆ ಸಾಮಾನ್ಯವಾಯಿತು. ಆರಂಭದಲ್ಲಿ ಅವು ಕೋಡ್ ಬರೆಯಲು ನೆರವಾಗುತ್ತಿದ್ದವು. ಬರೆದ ಕೋಡಿನ ಪ್ರಮಾಣ ಹೆಚ್ಚಿದಂತೆ ಓದುವವರ ಕೊರತೆ ಎದುರಾಯಿತು. ಆಗ ಓದುವ ಕೆಲಸಕ್ಕೂ ಅದೇ ಬಗೆಯ ಯಂತ್ರಗಳನ್ನು ನೇಮಿಸಲಾಯಿತು. ಗಿಟ್‌ಹಬ್ ತನ್ನ ಕೋಪೈಲಟ್ ಪರಿಶೀಲನಾ ಸೌಲಭ್ಯವನ್ನು 2025ರ ಏಪ್ರಿಲ್‌ನಲ್ಲಿ ಎಲ್ಲ ಪಾವತಿ ಬಳಕೆದಾರರಿಗೆ ತೆರೆಯಿತು. ‘ಕೋಡ್‌ರ‍್ಯಾಬಿಟ್’ ಮುಂತಾದ ಸಂಸ್ಥೆಗಳು ಕೋಡ್ ಪರಿಶೀಲನೆಯನ್ನೇ ಮುಖ್ಯ ವ್ಯವಹಾರವಾಗಿಸಿಕೊಂಡಿವೆ. ಬೆಂಗಳೂರಿನಲ್ಲಿ ಬೆಳೆದ ‘ಡೀಪ್‌ಸೋರ್ಸ್’ ಸಹ ಈ ಕ್ಷೇತ್ರದಲ್ಲಿದೆ.

ಪ್ರಯೋಜನಗಳು

ಮನುಷ್ಯರ ಓದು ದೋಷರಹಿತವಲ್ಲ ಎಂಬುದಕ್ಕೆ ‘ಹಾರ್ಟ್‌ಬ್ಲೀಡ್’ ಪ್ರಕರಣ ಪ್ರಸಿದ್ಧ ಉದಾಹರಣೆ. ಅಂತರಜಾಲದ ಸುರಕ್ಷಿತ ಸಂಪರ್ಕಕ್ಕೆ ಬಳಕೆಯಾಗುವ ‘ಓಪನ್‌ಎಸ್‌ಎಸ್‌ಎಲ್’ ತಂತ್ರಾಂಶಕ್ಕೆ 2011ರ ಕೊನೆಯಲ್ಲಿ ಸೇರಿದ ಒಂದು ಬದಲಾವಣೆಯಲ್ಲಿ, ಕೇಳಿದಷ್ಟು ಉದ್ದದ ಮಾಹಿತಿ ನಿಜವಾಗಿ ಇದೆಯೇ ಎಂದು ನೋಡುವ ಒಂದು ಪರೀಕ್ಷೆ ಬಿಟ್ಟುಹೋಗಿತ್ತು. ಅದನ್ನು ಪರಿಶೀಲಿಸಿದ ಅನುಭವಿ ತಂತ್ರಜ್ಞರ ಕಣ್ಣಿಗೂ ಅದು ಬೀಳಲಿಲ್ಲ. 2014ರ ಏಪ್ರಿಲ್‌ನಲ್ಲಿ ದೋಷ ಬಹಿರಂಗವಾಗುವವರೆಗೆ ಎರಡು ವರ್ಷಗಳಿಗೂ ಹೆಚ್ಚು ಕಾಲ ಜಗತ್ತಿನ ಲಕ್ಷಾಂತರ ಸರ್ವರ್‌ಗಳು ಅಪಾಯದಲ್ಲಿದ್ದವು. ದಣಿವು, ಅವಸರ, ಪರಿಚಿತರ ಮೇಲಿನ ನಂಬಿಕೆ ಇವು ಮನುಷ್ಯ ಪರಿಶೀಲಕರ ಸಹಜ ಮಿತಿಗಳು. ಯಂತ್ರಕ್ಕೆ ದಣಿವಿಲ್ಲ, ಸಾವಿರನೆಯ ಸಾಲನ್ನೂ ಮೊದಲ ಸಾಲಿನಷ್ಟೇ ತಾಳ್ಮೆಯಿಂದ ಅದು ಓದಬಲ್ಲದು.

ಇದರ ಫಲ ಈಗಾಗಲೇ ಕಂಡಿದೆ. 2024ರ ನವೆಂಬರ್‌ನಲ್ಲಿ ಗೂಗಲ್ ಸಂಸ್ಥೆಯು ತನ್ನ ‘ಬಿಗ್ ಸ್ಲೀಪ್’ ಎಂಬ ವ್ಯವಸ್ಥೆಯು ‘ಎಸ್‌ಕ್ಯೂಲೈಟ್’ ದತ್ತಸಂಚಯ ತಂತ್ರಾಂಶದಲ್ಲಿ ಅದುವರೆಗೆ ತಿಳಿಯದಿದ್ದ ಒಂದು ಭದ್ರತಾ ದೋಷವನ್ನು ಪತ್ತೆಹಚ್ಚಿದೆ ಎಂದು ಪ್ರಕಟಿಸಿತು. ಅಧಿಕೃತ ಬಿಡುಗಡೆಗೆ ಮೊದಲೇ ಅದನ್ನು ಸರಿಪಡಿಸಲಾಯಿತು. ‘ಕರ್ಲ್’ ಎಂಬ ಮುಕ್ತ ತಂತ್ರಾಂಶದ ನಿರ್ವಾಹಕ, ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್, 2025ರಲ್ಲಿ ಸಂಶೋಧಕರೊಬ್ಬರು ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಹುಡುಕಿ ಕಳುಹಿಸಿದ ದೋಷಗಳ ಪಟ್ಟಿಯನ್ನು ಸ್ವಾಗತಿಸಿದರು. ಅದರ ಆಧಾರದ ಮೇಲೆ ಸುಮಾರು 50 ತಿದ್ದುಪಡಿಗಳು ನಡೆದವು.

ಸಣ್ಣ ತಂಡಗಳಿಗೆ ಮತ್ತೊಂದು ಅನುಕೂಲವಿದೆ. ಒಬ್ಬರೇ ಕೆಲಸ ಮಾಡುವ ಕಡೆ, ಉದಾಹರಣೆಗೆ ತಾಲ್ಲೂಕು ಕೇಂದ್ರದ ಸಹಕಾರ ಸಂಘಕ್ಕೋ ಶಾಲೆಗೋ ತಂತ್ರಾಂಶ ಮಾಡಿಕೊಡುವ ಯುವಕರಿಗೆ, ಕೋಡನ್ನು ಓದಿ ಹೇಳುವ ಹಿರಿಯರು ಹತ್ತಿರದಲ್ಲಿ ಇರುವುದಿಲ್ಲ. ಅಂತಹವರಿಗೆ ಯಾಂತ್ರಿಕ ಪರಿಶೀಲಕವೇ ಮೊದಲ ಓದುಗ.

ಮಿತಿಗಳು

ಮೊದಲನೆಯ ಮಿತಿ ಸುಳ್ಳು ಎಚ್ಚರಿಕೆ. ಭಾಷಾ ಮಾದರಿಯು ಇಲ್ಲದ ದೋಷವನ್ನೂ ಇರುವಂತೆ, ಅಷ್ಟೇ ಖಚಿತವಾದ ಧಾಟಿಯಲ್ಲಿ ವರ್ಣಿಸಬಲ್ಲದು. ಮೇಲೆ ಹೇಳಿದ ಕರ್ಲ್ ಯೋಜನೆಯೇ ಇದಕ್ಕೂ ಸಾಕ್ಷಿ. ಭದ್ರತಾ ದೋಷ ತೋರಿಸಿದವರಿಗೆ ಹಣ ನೀಡುವ ಅದರ ಬಹುಮಾನ ಯೋಜನೆಗೆ ಯಂತ್ರದಿಂದ ಬರೆಸಿದ, ಹುರುಳಿಲ್ಲದ ವರದಿಗಳು ಪ್ರವಾಹದಂತೆ ಬಂದವು. ಅವುಗಳನ್ನು ಓದಿ ತಳ್ಳಿಹಾಕುವುದರಲ್ಲೇ ಸ್ವಯಂಸೇವಕರ ಸಮಯ ವ್ಯರ್ಥವಾಯಿತು. 2026ರ ಜನವರಿ ಕೊನೆಗೆ ಆ ಬಹುಮಾನ ಯೋಜನೆಯನ್ನೇ ನಿಲ್ಲಿಸಲಾಯಿತು. ಒಂದೇ ಬಗೆಯ ಸಾಧನ, ಅರಿತವರ ಕೈಯಲ್ಲಿ 50 ತಿದ್ದುಪಡಿಗಳಿಗೆ ಕಾರಣವಾಯಿತು. ಅರಿಯದವರ ಕೈಯಲ್ಲಿ ಒಂದು ಒಳ್ಳೆಯ ಯೋಜನೆಯನ್ನು ಮುಚ್ಚಿಸಿತು.

ಎರಡನೆಯ ಮಿತಿ ಉದ್ದೇಶದ ಅರಿವು. ಜಮೀನಿನ ವಿಸ್ತೀರ್ಣವನ್ನು ಕೂಡುವ ಲೆಕ್ಕವನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು. ಕರ್ನಾಟಕದಲ್ಲಿ ಒಂದು ಎಕರೆಗೆ 40 ಗುಂಟೆ. 2 ಎಕರೆ 30 ಗುಂಟೆಗೆ 1 ಎಕರೆ 15 ಗುಂಟೆಯನ್ನು ಸೇರಿಸಿದರೆ 4 ಎಕರೆ 5 ಗುಂಟೆಯಾಗಬೇಕು. ಇವನ್ನು 2.30 ಮತ್ತು 1.15 ಎಂದು ದಶಮಾಂಶ ಸಂಖ್ಯೆಗಳಾಗಿ ದಾಖಲಿಸಿ ಕೂಡಿದರೆ 3.45 ಎಂಬ ಉತ್ತರ ಬರುತ್ತದೆ. ಸಂಕಲನವಾಗಿ ಅದು ಸರಿ, ಜಮೀನಿನ ಲೆಕ್ಕವಾಗಿ ತಪ್ಪು. ಕೋಡಿನಲ್ಲಿ ‘ಗುಂಟೆ’ ಎಂಬ ಹೆಸರೋ ವಿವರಣೆಯೋ ಇದ್ದರೆ ಯಂತ್ರವು ಈ ತಪ್ಪನ್ನು ಹಿಡಿಯುವ ಸಾಧ್ಯತೆ ಇದೆ. ಕೇವಲ ‘ವಿಸ್ತೀರ್ಣ’ ಎಂದಿದ್ದರೆ ಎರಡು ಸಂಖ್ಯೆಗಳನ್ನು ಕೂಡುವುದರಲ್ಲಿ ಅದಕ್ಕೆ ಯಾವ ದೋಷವೂ ಕಾಣದು. ಹೊಲದ ಬದುವಿನ ಮೇಲೆ ನಿಂತು ಅಳತೆ ಕಂಡವರಿಗೆ ಮಾತ್ರ 45 ಗುಂಟೆ ಎಂಬುದು ಅಸಂಬದ್ಧವೆಂದು ತಟ್ಟನೆ ಹೊಳೆಯುತ್ತದೆ.

ಮೂರನೆಯದು ಅತಿಯಾದ ನಂಬಿಕೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಕೋಪೈಲಟ್‌ನಿಂದ 89 ಸನ್ನಿವೇಶಗಳಿಗೆ 1,689 ಪ್ರೋಗ್ರಾಮ್‌ಗಳನ್ನು ಬರೆಸಿ ನೋಡಿದಾಗ ಸುಮಾರು ಶೇ. 40ರಷ್ಟರಲ್ಲಿ ಭದ್ರತಾ ಲೋಪಗಳು ಕಂಡವು. ಇಂತಹ ಬಳಕೆಗಳಿಂದಲೇ ಕಲಿತ ಮಾದರಿಯು ಪರಿಶೀಲಕನಾದಾಗ ಅದೇ ಲೋಪವನ್ನು ಸಹಜವೆಂದು ಬಗೆಯಬಹುದು. ‘ಮೀಟರ್’ ಎಂಬ ಸಂಶೋಧನಾ ಸಂಸ್ಥೆಯು 2025ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ಮಂದಿ ಅನುಭವಿ ತಂತ್ರಜ್ಞರು 246 ಕೆಲಸಗಳನ್ನು ಮಾಡಿದರು. ಕೃತಕ ಬುದ್ಧಿಮತ್ತೆಯನ್ನು ಬಳಸಿದಾಗ ಅವರಿಗೆ ಶೇ. 19ರಷ್ಟು ಹೆಚ್ಚು ಸಮಯ ಹಿಡಿಯಿತು. ಆದರೆ ತಮ್ಮ ಕೆಲಸ ಶೇ. 20ರಷ್ಟು ಬೇಗ ಮುಗಿಯಿತೆಂದು ಅವರು ಅಂದಾಜಿಸಿದ್ದರು. ಸಣ್ಣ ಗುಂಪಿನ ಈ ಅಧ್ಯಯನವನ್ನು ಎಲ್ಲ ಸಂದರ್ಭಗಳಿಗೂ ಅನ್ವಯಿಸಲಾಗದು. ಆದರೂ ನೆರವು ದೊರೆತಿದೆ ಎಂಬ ಭಾವನೆಯೇ ನೆರವಿನ ಅಳತೆಯಾಗಲಾರದು ಎಂಬುದನ್ನು ಅದು ತೋರಿಸಿತು.

ಕನ್ನಡ ಲಿಪಿಯ ಸಮಸ್ಯೆಗಳು

ಭಾರತೀಯ ಭಾಷೆಗಳ ದಾಖಲೆಗಳನ್ನು ನಿರ್ವಹಿಸುವ ಕೋಡಿನಲ್ಲಿ ಇಂಗ್ಲಿಷ್ ಕೇಂದ್ರಿತ ಪರಿಶೀಲನೆಗೆ ಸುಲಭವಾಗಿ ಕಾಣದ ದೋಷಗಳಿರುತ್ತವೆ. ‘ಸೂಲಿಬೆಲೆ’ ಎಂಬ ಹೆಸರಿನಲ್ಲಿ ಓದುಗರಿಗೆ ಕಾಣುವುದು ನಾಲ್ಕು ಅಕ್ಷರಗಳು. ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನ ಮತ್ತು ಸ್ವರಚಿಹ್ನೆಗಳು ಬೇರೆ ಬೇರೆ ಸಂಕೇತಗಳಾದ್ದರಿಂದ ಅದು ಎಂಟು ಸಂಕೇತಗಳಾಗಿ ದಾಖಲಾಗುತ್ತದೆ. ಸಾಮಾನ್ಯವಾಗಿ ಬಳಸುವ ‘ಯುಟಿಎಫ್-8’ ಕ್ರಮದಲ್ಲಿ ಪ್ರತಿ ಸಂಕೇತಕ್ಕೆ ಮೂರು ಬೈಟ್‌ಗಳಂತೆ ಒಟ್ಟು 24 ಬೈಟ್‌ಗಳು ಬೇಕು. ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಎಂಟು ಬೈಟ್‌ಗಳು ಸಾಕು. ಊರಿನ ಹೆಸರಿಗೆ 20 ಬೈಟ್‌ಗಳ ಸ್ಥಳ ಸಾಕೆಂದು ನಿಗದಿಪಡಿಸಿದ ಕೋಡ್ ಇಂಗ್ಲಿಷ್ ಪರೀಕ್ಷೆಗಳಲ್ಲಿ ಉತ್ತೀರ್ಣವಾಗಿ, ಕನ್ನಡದಲ್ಲಿ ಹೆಸರನ್ನು ನಡುವೆಯೇ ತುಂಡರಿಸುತ್ತದೆ.

‘ಹೊಸಕೋಟೆ’ ಎಂಬ ಹೆಸರಿನದು ಇನ್ನೊಂದು ಬಗೆಯ ತೊಡಕು. ಅದರಲ್ಲಿರುವ ಒತ್ವ ಮತ್ತು ಓತ್ವಗಳನ್ನು ಒಂದೊಂದೇ ಸಂಕೇತವಾಗಿಯೂ ಬಿಡಿ ಚಿಹ್ನೆಗಳ ಜೋಡಣೆಯಾಗಿಯೂ ದಾಖಲಿಸಬಹುದು. ಮೊದಲ ಕ್ರಮದಲ್ಲಿ ಏಳು, ಎರಡನೆಯದರಲ್ಲಿ ಹತ್ತು ಸಂಕೇತಗಳಾಗುತ್ತವೆ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಎರಡನ್ನೂ ಒಂದೇ ರೂಪಕ್ಕೆ ತರುವ ಹಂತವನ್ನು ಕೋಡಿನಲ್ಲಿ ಬರೆಯದಿದ್ದರೆ ಯಂತ್ರವು ಇವನ್ನು ಎರಡು ಬೇರೆ ಊರುಗಳೆಂದು ಎಣಿಸುತ್ತದೆ. ದಾಖಲೆಯಲ್ಲಿ ಹೆಸರು ಇದ್ದೂ ‘ದೊರೆಯಲಿಲ್ಲ’ ಎಂಬ ಉತ್ತರ ಬರಲು ಇಂತಹ ದೋಷ ಕಾರಣವಾಗಬಲ್ಲದು.

ದೊಡ್ಡ ಸಂಸ್ಥೆಗಳೂ ಇಂತಹ ದೋಷಗಳಿಂದ ಮುಕ್ತವಲ್ಲ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಒತ್ತಕ್ಷರವಿದ್ದ ಒಂದು ಸಂದೇಶ ಬಂದರೆ ಆಪಲ್ ಐಫೋನಿನ ಆ್ಯಪ್‌ಗಳು ಸ್ಥಗಿತಗೊಳ್ಳುತ್ತಿದ್ದವು. ಕೆಲವೇ ದಿನಗಳಲ್ಲಿ ಸಂಸ್ಥೆಯು ತಿದ್ದುಪಡಿ ಬಿಡುಗಡೆ ಮಾಡಿತು. ಇಂತಹ ವಿಷಯಗಳಲ್ಲಿ ಭಾಷಾ ಮಾದರಿಗಳು ನೆರವಾಗಬಲ್ಲವು: ಕನ್ನಡ ಹೆಸರುಗಳಿಂದ ಪರೀಕ್ಷಿಸಬೇಕೆಂದು ಸ್ಪಷ್ಟವಾಗಿ ಸೂಚಿಸಿದರೆ ಅವು ಅಂತಹ ಪರೀಕ್ಷೆಗಳನ್ನು ರಚಿಸುತ್ತವೆ. ಸೂಚಿಸಬೇಕಾದವರು ಮಾತ್ರ ಆ ಲಿಪಿಯನ್ನು ಬಳಸುವ ಮನುಷ್ಯರೇ.

ಪರಿಶೀಲಕನ ಪರಿಶೀಲನೆ

ಪರಿಶೀಲಿಸುವ ಯಂತ್ರವೇ ತಪ್ಪಿದರೆ ಆಗುವ ಪರಿಣಾಮವನ್ನು ಬೆಂಗಳೂರು ಹತ್ತಿರದಿಂದ ಕಂಡಿದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯು ಕಳುಹಿಸಿದ ಒಂದು ನವೀಕರಣದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಯಂತ್ರಗಳು ಸ್ಥಗಿತಗೊಂಡವು. ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ನೋಂದಣಿ ವ್ಯವಸ್ಥೆ ಕೆಟ್ಟು, ಸಿಬ್ಬಂದಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಿಂದ ಬರೆದುಕೊಡಬೇಕಾಯಿತು. ಸಂಸ್ಥೆಯ ವರದಿಯ ಪ್ರಕಾರ, ಕೋಡ್ ಒದಗಿಸುತ್ತಿದ್ದುದು 20 ಅಂಶಗಳನ್ನು. ಹೊಸ ನವೀಕರಣವು ನಿರೀಕ್ಷಿಸಿದ್ದು 21 ಅಂಶಗಳನ್ನು. ಈ ವ್ಯತ್ಯಾಸವನ್ನು ತಡೆಯಬೇಕಿದ್ದ ಸ್ವಯಂಚಾಲಿತ ಪರೀಕ್ಷಕದಲ್ಲಿಯೇ ದೋಷವಿತ್ತು. ಅದು ಭಾಷಾ ಮಾದರಿಯಲ್ಲ, ಸಾಮಾನ್ಯ ತಂತ್ರಾಂಶ. ಆದರೂ ಯಂತ್ರ ಒಪ್ಪಿದ್ದೇ ಸಾಕೆಂದು ಒಮ್ಮೆಗೇ ಎಲ್ಲ ಕಡೆಗೂ ಬಿಡುಗಡೆ ಮಾಡಿದ್ದರ ಅಪಾಯ ಎರಡಕ್ಕೂ ಸಮಾನ.

ಯಾಂತ್ರಿಕ ಪರಿಶೀಲಕವು ಆಕ್ರಮಣಕ್ಕೆ ದಾರಿಯಾಗುವುದೂ ಸಾಧ್ಯ. ಕುಡೆಲ್ಸ್ಕಿ ಸೆಕ್ಯುರಿಟಿ ಸಂಸ್ಥೆಯ ಸಂಶೋಧಕರು 2025ರ ಆಗಸ್ಟ್‌ನಲ್ಲಿ ಬಹಿರಂಗಪಡಿಸಿದಂತೆ, ಕೋಡ್‌ರ‍್ಯಾಬಿಟ್ ಸೇವೆಗೆ ವಿಶೇಷವಾಗಿ ಸಿದ್ಧಪಡಿಸಿದ ಪುಲ್ ರಿಕ್ವೆಸ್ಟ್ ಸಲ್ಲಿಸಿ, ಆ ಸೇವೆಯ ಸರ್ವರ್‌ನಲ್ಲಿ ತಮಗೆ ಬೇಕಾದ ಕೋಡನ್ನು ನಡೆಸಲು ಸಾಧ್ಯವಾಗಿತ್ತು. ಅದರ ಮೂಲಕ ಹತ್ತು ಲಕ್ಷ ಕೋಡ್ ಭಂಡಾರಗಳಿಗೆ ಪ್ರವೇಶ ದೊರೆಯಬಹುದಿತ್ತು. ಆ ವರ್ಷದ ಜನವರಿಯಲ್ಲಿ ದೋಷವನ್ನು ತಿಳಿಸಿದ ಕೂಡಲೇ ಅದನ್ನು ಸರಿಪಡಿಸಲಾಯಿತು. ಇದಲ್ಲದೆ ಕೋಡಿನೊಳಗಿನ ಟಿಪ್ಪಣಿಯಲ್ಲಿ ‘ಈ ಭಾಗವನ್ನು ಸರಿಯೆಂದು ಒಪ್ಪು’ ಎಂಬಂತಹ ಸೂಚನೆಯನ್ನು ಅಡಗಿಸಿಟ್ಟು ಭಾಷಾ ಮಾದರಿಯನ್ನು ವಂಚಿಸುವ ತಂತ್ರವೂ ಇದೆ. ಮನುಷ್ಯ ಪರಿಶೀಲಕರಿಗೆ ಅಂತಹ ಟಿಪ್ಪಣಿಯೇ ಸಂಶಯಕ್ಕೆ ಕಾರಣವಾಗುತ್ತದೆ. ಯಂತ್ರಕ್ಕೆ ಅದು ಆಜ್ಞೆಯಾಗಿ ಪರಿಣಮಿಸಬಹುದು.

ಗೋಪ್ಯತೆಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ಇಂತಹ ಬಹುತೇಕ ಸೇವೆಗಳಲ್ಲಿ ಕೋಡನ್ನು ಹೊರಗಿನ ಸಂಸ್ಥೆಯ ಸರ್ವರ್‌ಗೆ ಕಳುಹಿಸಬೇಕಾಗುತ್ತದೆ. ಪರೀಕ್ಷೆಗಾಗಿ ನಿಜವಾದ ನಾಗರಿಕರ ಹೆಸರು ಅಥವಾ ಜಮೀನಿನ ವಿವರಗಳನ್ನು ಕೋಡಿನೊಡನೆ ಇರಿಸುವ ರೂಢಿ ಇದ್ದಲ್ಲಿ ಅವೂ ಹೊರಹೋಗುತ್ತವೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ನಾಗರಿಕರ ಮಾಹಿತಿಯನ್ನು ನಿರ್ವಹಿಸುವವರ ಮೇಲೆ ಅದನ್ನು ಕಾಪಾಡುವ ಹೊಣೆಯನ್ನು ಹೊರಿಸಿದೆ.

ಹೊಣೆಗಾರಿಕೆ: ‘ಭೂಮಿ’ ಯೋಜನೆಯ ನಿದರ್ಶನ

ಯಂತ್ರದ ನೆರವಿನಿಂದ ನಡೆಯುವ ಕೆಲಸದಲ್ಲಿ ಮನುಷ್ಯರ ಹೊಣೆಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿಯೇ ಒಂದು ಹಳೆಯ ಉತ್ತರವಿದೆ. 2000ದ ಆಸುಪಾಸಿನಲ್ಲಿ ಜಾರಿಗೆ ಬಂದ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ 2 ಕೋಟಿಯಷ್ಟು ಭೂದಾಖಲೆಗಳನ್ನು ಗಣಕೀಕರಿಸಲಾಯಿತು. ಕೈಬರಹದ ಪಹಣಿಯ ಜಾಗಕ್ಕೆ ಗಣಕೀಕೃತ ಪಹಣಿ ಬಂತು. ಜಮೀನಿನ ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಯಿತು.

ಆ ಯೋಜನೆಯ ಮಹತ್ವದ ಅಂಶವೆಂದರೆ ಬೆರಳಚ್ಚಿನ ವ್ಯವಸ್ಥೆ. ತಂತ್ರಾಂಶವನ್ನು ಬಳಸುವ ಅಧಿಕಾರಿಗಳು ಗುಪ್ತಪದದ ಜೊತೆಗೆ ತಮ್ಮ ಬೆರಳಚ್ಚನ್ನೂ ನೀಡಬೇಕಾಗಿತ್ತು. ಯಾವ ಬದಲಾವಣೆಯನ್ನು ಯಾರು ಒಪ್ಪಿದರು ಎಂಬುದು ಇದರಿಂದ ದಾಖಲಾಗುತ್ತಿತ್ತು. ‘ಗಣಕಯಂತ್ರ ಹಾಗೆ ಮಾಡಿತು’ ಎಂದು ನುಣುಚಿಕೊಳ್ಳಲು ಅವಕಾಶವಿರಲಿಲ್ಲ. ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಿದರೂ ಒಪ್ಪಿಗೆಯನ್ನು ಹೆಸರುಳ್ಳ ವ್ಯಕ್ತಿಯ ಬಳಿಯೇ ಉಳಿಸಿಕೊಂಡದ್ದು ಈ ವ್ಯವಸ್ಥೆಯ ತಿರುಳು.

ಕೋಡ್ ಪರಿಶೀಲನೆಗೂ ಇದೇ ತತ್ತ್ವ ಅನ್ವಯಿಸುತ್ತದೆ. ಸೂಲಿಬೆಲೆಯ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಿದ ರೈತನಿಗೆ ತನ್ನ ದಾಖಲೆಯಲ್ಲಿ ತಪ್ಪು ಕಂಡರೆ, ಅಧಿಕಾರಿಯ ಮಟ್ಟದಲ್ಲಿ ತಕರಾರು ಸಲ್ಲಿಸುವ ದಾರಿ ಇದೆ. ತಪ್ಪು ಕೋಡಿನಲ್ಲಿದ್ದರೆ ಅವನ ತಕರಾರು ಕೌಂಟರಿನ ಸಿಬ್ಬಂದಿಯನ್ನು ದಾಟಿ ಮುಂದೆ ಹೋಗುವುದು ಕಷ್ಟ. ಏಕೆಂದರೆ ಆ ಸಿಬ್ಬಂದಿಗೂ ಕೋಡ್ ಕಾಣುವುದಿಲ್ಲ. ಅಂತಹ ಕೋಡನ್ನು ಒಪ್ಪಿದವರ ಹೆಸರಿನ ಜಾಗದಲ್ಲಿ ಒಂದು ಯಂತ್ರದ ಹೆಸರು ಮಾತ್ರ ಇದ್ದರೆ, ಉತ್ತರ ಹೇಳಬೇಕಾದವರು ಯಾರೂ ಇಲ್ಲದಂತಾಗುತ್ತದೆ. ಯಂತ್ರವನ್ನು ಎಚ್ಚರಿಸಲು, ವರ್ಗಾಯಿಸಲು, ವಿಚಾರಣೆಗೆ ಕರೆಯಲು ಸಾಧ್ಯವಿಲ್ಲ.

ಸರ್ಕಾರಿ ತಂತ್ರಾಂಶದ ಕೋಡನ್ನು ಸಾರ್ವಜನಿಕರಿಗೆ ತೆರೆದಿಡುವುದು ಈ ಸಮಸ್ಯೆಗೆ ಒಂದು ಭಾಗಶಃ ಪರಿಹಾರ. ಭಾರತ ಸರ್ಕಾರವು 2015ರಲ್ಲಿಯೇ ತನ್ನ ತಂತ್ರಾಂಶಗಳ ಆಕರ ಕೋಡನ್ನು ತೆರೆದಿಡುವ ಕುರಿತು ನೀತಿಯೊಂದನ್ನು ಪ್ರಕಟಿಸಿದೆ. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ 2018ರಲ್ಲಿ ಆರಂಭವಾದ ‘ಮೋಸಿಪ್’ ಎಂಬ ಗುರುತಿನ ವ್ಯವಸ್ಥೆಯ ಕೋಡ್ ಎಲ್ಲರಿಗೂ ಮುಕ್ತವಾಗಿದ್ದು, ಫಿಲಿಪೈನ್ಸ್ ಮುಂತಾದ ದೇಶಗಳು ಅದನ್ನು ಬಳಸುತ್ತಿವೆ. ಹೀಗೆ ತೆರೆದ ಕೋಡಿನಲ್ಲಿ ಬದಲಾವಣೆ ಮಾಡಿದವರು ಯಾರು, ಒಪ್ಪಿದವರು ಯಾರು ಎಂಬುದು ಶಾಶ್ವತವಾಗಿ ದಾಖಲಾಗುತ್ತದೆ. ಭಾಷಾ ಮಾದರಿಗಳ ನೆರವಿನಿಂದ ಅಂತಹ ಕೋಡನ್ನು ಆಸಕ್ತ ನಾಗರಿಕರೂ ಓದಿ ಪ್ರಶ್ನಿಸುವುದು ಮೊದಲಿಗಿಂತ ಸುಲಭವಾಗಿದೆ ಎಂಬುದು ಈ ತಂತ್ರಜ್ಞಾನದ ಹೆಚ್ಚು ಚರ್ಚೆಯಾಗದ ಪ್ರಯೋಜನ.

ಕಲಿಕೆ ಮತ್ತು ಉದ್ಯೋಗ

ಕೋಡ್ ಪರಿಶೀಲನೆಯು ಉದ್ಯಮದ ಒಳಗಿನ ಪಾಠಶಾಲೆಯೂ ಹೌದು. ಕಾಲೇಜಿನಿಂದ ಬಂದ ಹೊಸಬರು ಹಿರಿಯರ ಟಿಪ್ಪಣಿಗಳಿಂದ ಕಲಿಯುತ್ತಾರೆ. ಹಿರಿಯರು ಹೊಸಬರ ಕೋಡನ್ನು ಓದುವುದರಿಂದ ತಂತ್ರಾಂಶದ ಎಲ್ಲ ಭಾಗಗಳ ಪರಿಚಯವನ್ನು ಉಳಿಸಿಕೊಳ್ಳುತ್ತಾರೆ. ವಿದ್ಯಾರ್ಥಿಯ ಉತ್ತರ ಪುಸ್ತಕವನ್ನು ತಿದ್ದುವ ಉಪಾಧ್ಯಾಯರಿಗೆ ತರಗತಿಗೆ ಏನು ಅರ್ಥವಾಗಿಲ್ಲ ಎಂಬುದು ತಿಳಿಯುವಂತೆಯೇ ಇದೂ ಎರಡು ಕಡೆಯ ಕಲಿಕೆ. ಯಂತ್ರವೇ ತಪ್ಪನ್ನು ತೋರಿಸಿ, ಯಂತ್ರವೇ ತಿದ್ದಿ, ಹೊಸಬರು ಒಪ್ಪಿಗೆಯ ಗುಂಡಿಯನ್ನಷ್ಟೇ ಒತ್ತಿದರೆ ಈ ಕಲಿಕೆ ನಿಲ್ಲುತ್ತದೆ. ಕೆಲವು ವರ್ಷಗಳ ನಂತರ ಯಂತ್ರದ ತಪ್ಪನ್ನು ಗುರುತಿಸಬಲ್ಲ ಹಿರಿಯರು ಎಲ್ಲಿಂದ ಬರಬೇಕೆಂಬುದು ಉದ್ಯಮದ ಮುಂದಿರುವ ಗಂಭೀರ ಪ್ರಶ್ನೆ.

ಇನ್ನೊಂದು ಬಗೆಯ ಬಳಕೆಯೂ ಇದೆ. ಹೊಸಬರು ಮೊದಲು ತಾವೇ ಓದಿ ಟಿಪ್ಪಣಿ ಬರೆದು, ನಂತರ ಯಂತ್ರದ ಟಿಪ್ಪಣಿಯೊಡನೆ ಹೋಲಿಸಿ, ವ್ಯತ್ಯಾಸವನ್ನು ಹಿರಿಯರೊಡನೆ ಚರ್ಚಿಸುವ ಕ್ರಮದಲ್ಲಿ ಯಂತ್ರವು ಕಲಿಕೆಗೆ ಪೂರಕವಾಗುತ್ತದೆ. ಸಾಧನ ಒಂದೇ, ಯಾರು ಮೊದಲು ಓದುತ್ತಾರೆ ಎಂಬ ಅನುಕ್ರಮದಿಂದ ಫಲ ಬೇರೆಯಾಗುತ್ತದೆ.

ಸೂಕ್ತ ಬಳಕೆಯ ಕ್ರಮಗಳು

ಮೇಲಿನ ಪ್ರಕರಣಗಳಿಂದ ಕೆಲವು ಸಾಮಾನ್ಯ ಕ್ರಮಗಳನ್ನು ಗುರುತಿಸಬಹುದು. ಯಂತ್ರದ ಟಿಪ್ಪಣಿಯನ್ನು ಸಲಹೆಯಾಗಿ ಸ್ವೀಕರಿಸಿ, ಅಂತಿಮ ಒಪ್ಪಿಗೆಗೆ ಹೆಸರುಳ್ಳ ವ್ಯಕ್ತಿಯೊಬ್ಬರನ್ನು ಹೊಣೆಯಾಗಿಸುವುದು ಅವುಗಳಲ್ಲಿ ಮೊದಲನೆಯದು. ಕೋಡ್ ಬರೆಯಲು ಬಳಸಿದ ಮಾದರಿಯೊಂದನ್ನೇ ಅದರ ಪರಿಶೀಲನೆಗೆ ನಂಬದಿರುವುದು, ನಿಯಮಾಧಾರಿತ ಹಳೆಯ ಸಾಧನಗಳನ್ನೂ ನಿಜವಾದ ಪರೀಕ್ಷೆಗಳನ್ನೂ ಕೈಬಿಡದಿರುವುದು, ಕೋಡಿನ ಉದ್ದೇಶವನ್ನು ಹಾಗೂ ಎಕರೆ-ಗುಂಟೆಯಂತಹ ಸ್ಥಳೀಯ ಅಳತೆಗಳನ್ನು ಬರಹದಲ್ಲಿ ವಿವರಿಸಿರುವುದು, ಕನ್ನಡದ ನಿಜವಾದ ಊರು ಹೆಸರುಗಳಿಂದ ಪರೀಕ್ಷಿಸುವುದು, ನಾಗರಿಕರ ಮಾಹಿತಿಯನ್ನು ಹೊರಗಿನ ಸೇವೆಗೆ ಕಳುಹಿಸದಿರುವುದು, ಬದಲಾವಣೆಗಳನ್ನು ಒಮ್ಮೆಗೇ ಎಲ್ಲೆಡೆ ಬಿಡದೆ ಹಂತ ಹಂತವಾಗಿ ಬಿಡುಗಡೆ ಮಾಡುವುದು ಉಳಿದವು.

ಯಂತ್ರದ ಓದು ಮುಂದಿನ ವರ್ಷಗಳಲ್ಲಿ ಇನ್ನಷ್ಟು ಚುರುಕಾಗುವುದರಲ್ಲಿ ಸಂಶಯವಿಲ್ಲ. ಮನುಷ್ಯರಿಗೆ ಕಾಣದ ದೋಷಗಳನ್ನು ಅದು ಈಗಾಗಲೇ ಕಾಣತೊಡಗಿದೆ. ಆದರೆ ದೋಷವನ್ನು ಕಾಣುವುದಕ್ಕೂ ಅದಕ್ಕೆ ಉತ್ತರಿಸುವುದಕ್ಕೂ ಇರುವ ಅಂತರ ಹಾಗೆಯೇ ಉಳಿಯುತ್ತದೆ. ಪಹಣಿಯಲ್ಲಿ ತನ್ನ ಜಮೀನು ಐದು ಗುಂಟೆ ಕಡಿಮೆಯಾಗಿದೆ ಎಂದು ಕಚೇರಿಗೆ ಬಂದ ರೈತನಿಗೆ ಬೇಕಾಗಿರುವುದು ಸರಿಯಾದ ಲೆಕ್ಕ. ಅದರ ಜೊತೆಗೆ, ಆ ಲೆಕ್ಕವನ್ನು ಒಪ್ಪಿದೆನೆಂದು ಹೇಳುವ ಒಬ್ಬ ಮನುಷ್ಯ.